ಡೆಮೊ ಕಾರಿನಲ್ಲಿ ಕುಳಿತ ಅವ್ವ

ಕೌಠಾ ಸೇತುವೆ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಕಾರು ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಆಮೇಲೆ ನಿಂತೇಬಿಟ್ಟಿತು.

ಹಿಂದಿನ ಸೀಟಿನಲ್ಲಿ ಅವ್ವ. ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಅದರೊಳಗೆ ಶೇಂಗಾ ಹೋಳಿಗೆ. ಡಬ್ಬಿ ಹೋಗಬೇಕಾದದ್ದು ಔರಾದ ತಾಲ್ಲೂಕಿನ ಡಾಬಕಾಕ್ಕೆ, ಅವ್ವನ ಅಕ್ಕನಿಗೆ, ಅಂದರೆ ನನ್ನ ದೊಡ್ಡವ್ವನಿಗೆ. ಊರು ಇನ್ನೂ ಬಹಳ ದೂರ. ಮಟ ಮಟ ಮಧ್ಯಾಹ್ನ. ರಸ್ತೆಯ ಎರಡೂ ಕಡೆ ತೊಗರಿ ಕೊಯ್ದ ಹೊಲ, ನಿಲ್ಲಲು ಒಂದು ಗಿಡದ ನೆರಳಿಲ್ಲ.

ನಾನು ಬಾನೆಟ್ ಎತ್ತಿದೆ. (ಎತ್ತಿ ಏನು ಮಾಡಿದೆ ಎಂದು ಕೇಳಬೇಡಿ. ಕಾರು ನಿಂತಾಗ ಬಾನೆಟ್ ಎತ್ತಿ ಒಳಗೆ ನೋಡುತ್ತಾ ನಿಲ್ಲುವುದು ಗಂಡಸರ ಕರ್ತವ್ಯ. ಒಳಗಿರುವುದು ಏನೆಂದು ಗೊತ್ತಿರಬೇಕು ಅಂತೇನಿಲ್ಲ.)

ಕೊನೆಗೆ ಬೀದರ್ ಕಡೆ ಹೊರಟಿದ್ದ ಒಂದು ಸವಾರಿ ಜೀಪಿಗೆ ಕೈ ಮಾಡಿದೆ. ಅವರೇನೋ ನಿಲ್ಲಿಸಿದರು. ಆದರೆ ಅವ್ವನಿಗೆ ಹತ್ತಲಾಗಲಿಲ್ಲ. ಸೊಂಟದ ಆಪರೇಷನ್ ಆದ ಮೇಲೆ ಅವಳ ಬಲಗಾಲು ಅಷ್ಟು ಮೇಲಕ್ಕೆ ಏಳುವುದಿಲ್ಲ. ಒಳಗಿದ್ದವರು ಕೈ ಹಿಡಿದು ಎಳೆದರು. ಕೆಳಗಿನಿಂದ ನಾನೂ ಡ್ರೈವರೂ ಎತ್ತಿದೆವು. ಅವ್ವನ ಸೆರಗು ಜಾರಿತು. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ಒಳ್ಳೆಯವರೇ, ಒಬ್ಬರು ತಮ್ಮ ಸೀಟನ್ನೂ ಬಿಟ್ಟುಕೊಟ್ಟರು. ಅವ್ವ ಮಾತ್ರ ಬೀದರ್ ಮುಟ್ಟುವವರೆಗೂ ತಲೆ ಎತ್ತಲಿಲ್ಲ.

ನೌಬಾದದ ನಮ್ಮ ಮನೆಗೆ ಬಂದು, ಡಬ್ಬಿಯನ್ನು ಅಡುಗೆಮನೆಯಲ್ಲಿಟ್ಟು, ಒಂದೇ ಮಾತು ಹೇಳಿದಳು. “ಇನ್ನ ನಾ ಎಲ್ಲಿಗೂ ಬರಂಗಿಲ್ಲ ನೋಡಪ್ಪಾ. ನನ್ನ ಕೇಳಬ್ಯಾಡ.”

ಕೇಳಬೇಡ ಅಂದರೆ ಬಿಡಲಾಗುತ್ತದೆಯೇ? ದೊಡ್ಡವ್ವ ಹಾಸಿಗೆ ಹಿಡಿದಿದ್ದಾಳೆ. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಅದರ ಚಿಂತೆ ಇಲ್ಲ. ಆದರೆ ಕಿವಿ ಪೂರ್ತಿ ಹೋಗಿದೆ. ಫೋನಿನಲ್ಲಿ ಅವಳಿಗೆ ಏನೂ ಕೇಳಿಸುವುದಿಲ್ಲ. ಸೊಸೆ ಫೋನ್ ಹಚ್ಚಿಕೊಟ್ಟರೆ “ಯಾವಾಗ ಬರ್ತಿ?” ಎಂದು ಕೇಳುತ್ತಾಳೆ. ಅವ್ವ ಇಲ್ಲಿಂದ ಕೂಗುತ್ತಾಳೆ. ಓಣಿಗೆಲ್ಲ ಕೇಳಿಸುತ್ತದೆ, ದೊಡ್ಡವ್ವನಿಗೆ ಕೇಳಿಸುವುದಿಲ್ಲ. “ಯಾವಾಗ ಬರ್ತಿ?” ಎಂದು ಮತ್ತೆ ಕೇಳುತ್ತಾಳೆ. ಇಬ್ಬರೂ ಮಾತಾಡಬೇಕಾದರೆ ಒಂದೇ ಮಂಚದ ಮೇಲೆ ಕೂರಬೇಕು, ಬಾಯಿ ನೋಡುತ್ತಾ, ಕೈ ಹಿಡಿದುಕೊಂಡು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ. ಬೇರೆ ದಾರಿಯೇ ಇಲ್ಲ.

ಹಾಗಾಗಿ ನಾನು ತೀರ್ಮಾನ ಮಾಡಿದೆ. ಹೊಸ ಕಾರು. ದಾರಿಯಲ್ಲಿ ಕೈಕೊಡದ ಕಾರು. ಅವ್ವ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯುವ ಕಾರು. ಎತ್ತರದ ಗಾಡಿ ಬೇಡ, ಹತ್ತಲಾಗುವುದಿಲ್ಲ. ಚಿಕ್ಕದು ಬೇಡ, ಕಾಲು ಚಾಚಲಾಗುವುದಿಲ್ಲ. ಅಂದರೆ ನಡುಗಾತ್ರದ ಒಂದು ಸೆಡಾನ್. ಇದರಲ್ಲಿ ಗೊಂದಲ ಪಡುವಂಥದ್ದು ಏನಿದೆ ಹೇಳಿ?

ಅಯ್ಯೋ ದೇವರೇ!

ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು “ಸೆಡಾನ್ ತಗೋಬೇಕು” ಎಂದದ್ದೇ ತಪ್ಪಾಯಿತು. ಇತಿಹಾಸದ ಮೇಷ್ಟ್ರು ಚಹಾ ಲೋಟ ಕೆಳಗಿಟ್ಟರು. “ಸೆಡಾನ್ ಯಾಕ್ರಿ? ಈಗ ಅದನ್ನ ಯಾರ್ ತಗೋತಾರ? ದೊಡ್ಡ ಗಾಡಿ ತಗೋರಿ. ರೋಡಿನ ಮ್ಯಾಲ ಹೊಂಟ್ರ ಮಂದಿ ಅಂಜಿ ಸರೀಬೇಕು.” ನನ್ನನ್ನು ಕಂಡು ಮಂದಿ ಯಾಕೆ ಅಂಜಬೇಕು? ನಾನೇನು ಚುನಾವಣೆಗೆ ನಿಂತಿದ್ದೇನೆಯೇ? ಇನ್ನೊಬ್ಬರು ಡೀಸೆಲ್ಲೇ ಬೇಕು ಎಂದರು. ಮತ್ತೊಬ್ಬರು ಡೀಸೆಲ್ಲಿನ ಕಾಲ ಮುಗಿಯಿತು ಎಂದರು. ಎಲೆಕ್ಟ್ರಿಕ್ ಎಂದವರ ಬಾಯಿಯನ್ನು ಎಲ್ಲರೂ ಸೇರಿ ಮುಚ್ಚಿಸಿದರು. “ಡಾಬಕಾದಾಗ ಕರೆಂಟ್ ಹೋದ್ರ ಎತ್ತು ಕಟ್ಟಿ ಎಳ್ಕೊಂಡು ಬರ್ತೀರೇನು?”

ರಾತ್ರಿ ವಿಡಿಯೋ ನೋಡಿದೆ. ಒಬ್ಬ ಕನ್ನಡಕದವನು ಒಂದು ಸೆಡಾನಿನ ಇಂಜಿನ್ ಬೆಣ್ಣೆ ಎಂದ. ಇನ್ನೊಬ್ಬ ಗಡ್ಡದವನು ಅದೇ ಇಂಜಿನ್ನಿಗೆ ಜೀವವೇ ಇಲ್ಲ ಎಂದ. ಇಬ್ಬರೂ ಕೊನೆಗೆ ಸಬ್‌ಸ್ಕ್ರೈಬ್ ಮಾಡಿ ಎಂದರು. ಅದೊಂದೇ ಇಬ್ಬರಿಗೂ ಒಪ್ಪಿಗೆಯಾದ ವಿಷಯ.

ನಮ್ಮ ಬೀದರಿನವರಿಗೆ ಇನ್ನೊಂದು ತಾಪತ್ರಯವಿದೆ. ನೆಂಟರು ಮೂರು ರಾಜ್ಯದಲ್ಲಿ ಹರಡಿಕೊಂಡಿರುತ್ತಾರೆ. ಉದಗೀರದಿಂದ ಭಾವ ಫೋನ್ ಮಾಡಿ ಲಾತೂರಿನಲ್ಲಿ ತನಗೆ ಪಹಚಾನ್, ಅಂದರೆ ಪರಿಚಯ, ಇದೆ, ಅಲ್ಲೇ ಬಾ ಎಂದ. ಹೈದರಾಬಾದಿನ ತಂಗಿ ತನ್ನೂರು ಬಿಟ್ಟು ಲಾತೂರಿನಲ್ಲಿ ಕೊಂಡರೆ ಮುಖ ತೋರಿಸಬೇಡ ಎಂದಳು. ನಮ್ಮ ಕಡೆ ಪಹಚಾನ್ ಇಲ್ಲದೆ ಒಂದು ಕುಕ್ಕರನ್ನೂ ಕೊಳ್ಳುವುದಿಲ್ಲ. ಪಹಚಾನ್ ಹಿಡಿದು ಹೋದಿರೋ, ಬೇಡ ಎನ್ನಲು ಬಾಯಿ ಬರುವುದಿಲ್ಲ. ಅದಕ್ಕೇ ಇಬ್ಬರಿಗೂ “ನೋಡೋಣ” ಎಂದು ಹೇಳಿ, ಬೀದರಿನಲ್ಲೇ ಯಾರ ಪರಿಚಯವೂ ಇಲ್ಲದ ಒಂದು ಶೋರೂಮಿಗೆ ಹೋದೆ.

ಹೋಗುವ ಮೊದಲು ನಮ್ಮ ಮೆಕ್ಯಾನಿಕ್ ಮಾಜಿದ್ ಭಾಯಿಯನ್ನು ಕೇಳದೆ ಇರಲಾಗಲಿಲ್ಲ. ಕೌಠಾದಿಂದ ಅವರೇ ಎಳೆಸಿ ತಂದ ಆ ಹಳೆಯ ಕಾರು ಅಪ್ಪ ಕೊಂಡದ್ದು. ಅಪ್ಪ ತೀರಿಕೊಂಡ ಮೇಲೆ ನನ್ನ ಕೈಗೆ ಬಂತು. ಮೊದಲಿನಿಂದಲೂ ಅದರ ರಿಪೇರಿ ಮಾಡುತ್ತಾ ಬಂದವರು ಮಾಜಿದ್ ಭಾಯಿ. ನನ್ನ ಮಾತು ಕೇಳಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಹಾಕಿದರು.

“ನಕ್ಕೋ ಸಾಬ್, ಬ್ಯಾಡ್ರಿ! ಹೊಸಾ ಗಾಡಿ ಬಿಲ್ಕುಲ್ ನಕ್ಕೋ. ಅದರಾಗ ಪೂರಾ ಕಂಪ್ಯೂಟರ್ ಅದರಿ. ಬಂದ್ ಬಿತ್ತಂದ್ರ ಲ್ಯಾಪ್‌ಟಾಪ್ ಹಿಡ್ಕೊಂಡು ಇಂಜಿನಿಯರ್ ಬರಬೇಕು. ಇದರ ಇಂಜಿನ್ ಇಳಿಸಿ ಕಟ್ಟಿ ಕೊಡ್ತೇನಿ. ಇನ್ನಾ ಹತ್ತ್ ವರ್ಷ ಓಡ್ತದ.”

ಹೋದ ಸಲ ಇಂಜಿನ್ ಕಟ್ಟಿದಾಗಲೂ ಇದನ್ನೇ ಹೇಳಿದ್ದರು. ಆ ಹತ್ತು ವರ್ಷ ಕೌಠಾ ಸೇತುವೆಯ ಹತ್ತಿರ ಮುಗಿದಿತ್ತು. (ಇದನ್ನು ಅವರಿಗೆ ಹೇಳಲಿಲ್ಲ. ಚಹಾ ತರಿಸಿದ್ದರು.)

ಶೋರೂಮಿಗೆ ನಾವು ಮೂವರು ಹೋದೆವು. ನಾನು, ನನ್ನ ಹೆಂಡತಿ ಸುನಂದಾ, ಭಾಲ್ಕಿಯಿಂದ ಬಂದ ಸೋದರಮಾವ. ಮಾವ ಅವ್ವನಿಗೂ ದೊಡ್ಡವ್ವನಿಗೂ ಒಬ್ಬರೇ ತಮ್ಮ. ಬಸ್ ಡಿಪೋದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಬಸ್ಸನ್ನೇ ಆಳಿದವರಿಗೆ ಕಾರು ಯಾವ ಲೆಕ್ಕ ಎಂಬ ಧಾಟಿ ಅವರದು. ಮುಂಜಾನೆಯ ಬಸ್ಸಿಗೇ ಬಂದಿದ್ದರು. ಕಂಕುಳಲ್ಲಿ ಮಡಚಿದ ಎರಡು ಖಾಲಿ ಗೋಣಿಚೀಲ.

“ಚೀಲ ಯಾಕ ಮಾವ?”

“ನೀ ಸುಮ್ನಿರು ಅಳ್ಯಾ. ಡಿಕ್ಕಿ ಕಣ್ಣಿಲೆ ನೋಡಿದ್ರ ತಿಳಿಯಲ್ಲ. ಚೀಲ ಹಾಕಿ ನೋಡಬೇಕು.”

ಶೋರೂಮಿನಲ್ಲಿ ನಮ್ಮನ್ನು ಎದುರುಗೊಂಡವರು ಅವಿನಾಶ್ ಎಂಬ ಸೇಲ್ಸಿನವರು. ಟೈ ಕಟ್ಟಿದ್ದರು, ನಗು ಕಟ್ಟಿದ್ದರು. ಎರಡು ಸೆಡಾನ್ ತೋರಿಸಿದರು. ಒಂದರಲ್ಲಿ ನಮ್ಮ ಮನೆಯ ಟಿವಿಯಂಥ ಪರದೆ, ತಂಪು ಬರುವ ಸೀಟು, ಚಾವಣಿಯಲ್ಲಿ ಕಿಟಕಿ. ಇನ್ನೊಂದು ಸಾದಾ. ಸಾದಾ ಕಾರಿನ ಕಡೆ ನಾನು ತಿರುಗಿದೆನೋ ಇಲ್ಲವೋ, ಮಾವ ತೋಳು ಹಿಡಿದು ಎಳೆದರು. “ಅದು ಟ್ಯಾಕ್ಸಿ ಗಾಡಿ. ಹೈದರಾಬಾದ್ ಏರ್‌ಪೋರ್ಟಿನಾಗ ಬರೇ ಅವೇ ನಿಂತಿರ್ತಾವ. ಲಗ್ನಕ್ಕ ತಗೊಂಡು ಹೋದ್ರ ಬಾಡಿಗಿ ಎಷ್ಟು ಅಂತ ಕೇಳ್ತಾರ.”

ಸರಿ, ಪರದೆಯ ಕಾರಿನಲ್ಲೇ ಟೆಸ್ಟ್ ಡ್ರೈವ್. ಮಾವ ಗಾಡಿಯನ್ನು ಎಲ್ಲಿಗೆ ಒಯ್ಯಿಸಿದರು ಗೊತ್ತೇ? ದವಸದ ಪೇಟೆಗೆ, ಗಾಂಧಿ ಗಂಜಿಗೆ! ಪರಿಚಯದ ದಲಾಲರ ಅಡತಿ ಅಂಗಡಿಯ ಮುಂದೆ ನಿಲ್ಲಿಸಿ, ತಂದ ಚೀಲಗಳಿಗೆ ತೊಗರಿ ತುಂಬಿಸಿ, ಡಿಕ್ಕಿಗೆ ಹಾಕಿ ಎಂದರು. ಅವಿನಾಶರ ನಗು ಬಿಚ್ಚಿಹೋಯಿತು. “ಸರ್, ಡೆಮೊ ಗಾಡಿರಿ, ಕಾರ್ಪೆಟ್ ಹೊಲಸ ಆಗ್ತದರಿ.”

ಹಮಾಲರು ಸುತ್ತ ಸೇರಿದರು. ಚೀಲ ಒಳಗಿಳಿಸಿದವನು “ಡಿಕ್ಕಿ ಬಾಯಿ ಸಣ್ಣದದರಿ, ಇಳಿಸೋದ್ರಾಗ ನಡ ಹೋಗ್ತದ” ಎಂದ. ಪಕ್ಕದವನು “ನಡ ನಿಂದು ಮೊದಲೇ ಹೋಗ್ಯಾದ, ಗಾಡಿಗಿ ಯಾಕ ಅಂತಿ” ಎಂದ. ಲಾರಿಯಿಂದ ಇಳಿದ ಡ್ರೈವರ್ “ಆವರೇಜ್ ಎಷ್ಟ ಕೊಡ್ತದರಿ?” ಎಂದು ಕೇಳಿದ. ಅವಿನಾಶ್ ಲೀಟರಿಗೆ ಇಷ್ಟು ಕಿಲೋಮೀಟರ್ ಎಂದರು. ಅವನು ನಂಬಲಿಲ್ಲ. ಅಡತಿಯವರು ಬಣ್ಣ ಬದಲಿಸಿ ಎಂದರು. ಬಿಳಿ ಬೇಡ, ಕಪ್ಪು ಬೇಡ, ಬೂದಿ ಬಣ್ಣ ಅಂತೂ ಬೇಡವೇ ಬೇಡ. ಗಂಜಿನಿಂದ ಹೊರಬಂದಾಗ ನನಗೆ ನಾನು ಯಾಕೆ ಕಾರು ಕೊಳ್ಳಲು ಹೊರಟಿದ್ದೇನೆ ಎಂಬುದೇ ಮರೆತುಹೋಗಿತ್ತು.

ಸುನಂದಾ ನೆನಪು ಮಾಡಿದಳು. “ಅತ್ತಿಯವರಿಗಿ ಹತ್ತಲಿಕ್ಕಿ ಬರ್ತದೋ ಇಲ್ಲೋ, ಅದನ್ನ ಮೊದಲ ನೋಡ್ರಿ.”

ಹ್ಯಾಗೆ ನೋಡುವುದು? ಅವ್ವ ಬಂದಿರಲಿಲ್ಲ. ಬಾ ಎಂದರೆ ಬಿಸಿಲು ಎಂದಿದ್ದಳು. ಹಾಗಾಗಿ ಶೋರೂಮಿನ ಫಳಫಳ ಟೈಲ್ಸಿನ ಮೇಲೆ ನಾನೇ ಅವ್ವನಾದೆ. ಬಾಗಿಲು ತೆರೆದು ಕಾರಿಗೆ ಬೆನ್ನು ಮಾಡಿ ನಿಂತೆ. ಮೆಲ್ಲಗೆ ಕುಳಿತೆ. ಎಡಗಾಲು ಒಳಗೆ ತಂದೆ. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ತಂದೆ. ಇಲ್ಲದ ಸೀರೆಯನ್ನು ಸರಿಮಾಡಿಕೊಂಡೆ. ಪಕ್ಕದಲ್ಲಿ ಕಾರು ನೋಡುತ್ತಿದ್ದ ಒಂದು ಕುಟುಂಬ ನನ್ನನ್ನು ನೋಡತೊಡಗಿತು. ಅವಿನಾಶ್ ಮಾತ್ರ “ಅಮ್ಮಾವರು ಆರಾಮ ಕೂಡ್ತಾರರಿ ಸರ್, ನೂರಕ್ಕ ನೂರು” ಎಂದರು. ನನಗೆ ಆರಾಮವೇ ಅನಿಸಿತು. ಆದರೆ ನನ್ನ ಸೊಂಟ ನನ್ನದು. ಅವ್ವನ ಸೊಂಟ ನನಗೇನು ಗೊತ್ತು?

ಅಂತೂ ಪರದೆಯ ಕಾರೇ ಎಂದಾಯಿತು. ಮಾವ ಗುರುವಾರ ಬುಕ್ ಮಾಡು ಎಂದರು. ಹಿಂದಿನ ದಿನ ಮತ್ತೆ ಅವ್ವನ ಹತ್ತಿರ ಹೋದೆ. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತು ಬೇಳೆ ಹಸನು ಮಾಡುತ್ತಿದ್ದಳು.

“ಅವ್ವಾ, ನಾಳೆ ಬುಕ್ ಮಾಡ್ತೇವಿ. ಒಮ್ಮಿ ಬಂದು ಕೂತು ನೋಡು.”

“ಬಿಸಲ ಅದ.”

“ಸಂಜಿ ಮುಂದ ಹೋಗೋಣ.”

“ಸಂಜಿಗಿ ಮೊಳಕಾಲ ಹಿಡಿತಾವ.”

“ಹಂಗಾರ ಮುಂಜಾನಿ?”

ಅವ್ವ ಮೊರ ಪಕ್ಕಕ್ಕಿಟ್ಟಳು. “ಹೊಸಾ ಗಾಡಿ ತರೂ ಮುಂದ ನಾ ಮುಂದಾಗಿ ಬರಬಾರದಪ್ಪಾ. ನಿಂಗ ಹ್ಯಾಂಗ ಹೇಳಲಿ? ನೀವು ಗಂಡ ಹೆಂಡತಿ ಹೋಗ್ರಿ. ಗಾಡಿ ಬರಲಿ, ಪೂಜಾ ಆಗಲಿ, ನಾಕ್ ದಿನ ಓಡಲಿ. ಆಮ್ಯಾಲ ನಾ ಕೂಡ್ತೇನಿ.”

ಬಿಸಿಲು, ಮೊಣಕಾಲು ಎಲ್ಲವೂ ನೆಪ. ಇದು ಕಾರಣ. ಗಂಡನಿಲ್ಲದವಳು ಹೊಸ ವಸ್ತುವಿನ ಎದುರು ಮೊದಲು ಬರಬಾರದು!

ನನಗೆ ಎಂಥ ಸಿಟ್ಟು ಬಂತೆಂದರೆ, ಯಾರ ಮೇಲೆ ಬಂತು ಎಂದೇ ತಿಳಿಯಲಿಲ್ಲ. ಹಳೆಯ ಕಾರು ಮನೆಗೆ ಬಂದ ದಿನ ಅದಕ್ಕೆ ಆರತಿ ಎತ್ತಿದವಳು ಇದೇ ಅವ್ವ. ಮುಂದಿನ ಸೀಟಿನಲ್ಲಿ ಎಲ್ಲರಿಗಿಂತ ಮೊದಲು ಕುಳಿತವಳು ಇದೇ ಅವ್ವ. ಅವತ್ತು ಅಪ್ಪ ಇದ್ದರು, ಇವತ್ತು ಇಲ್ಲ. ಹೋದದ್ದು ಅಪ್ಪ. ಅದಕ್ಕೆ ಅವ್ವ ಯಾಕೆ ಒಳಗೆ ಕೂರಬೇಕು? ಇದನ್ನೆಲ್ಲ ಜೋರಾಗಿಯೇ ಹೇಳಿದೆ. ಕಾಲ ಬದಲಾಗಿದೆ, ಇದೆಲ್ಲ ಮೂಢನಂಬಿಕೆ ಎಂದು ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ.

ಅವ್ವ ಪೂರ್ತಿ ಕೇಳಿದಳು. “ನಿಂಗ ಸಿಟ್ಟ ಬರ್ತದ. ನಂಗ ಅಂಜಿಕಿ ಬರ್ತದ. ನಾಳೆ ಗಾಡಿಗಿ ಏನರ ಆತಂದ್ರ ಮಂದಿ ಯಾರ ಹೆಸರ ತಗೋತಾರ, ನೀನೇ ಹೇಳು?”

ಗಾಡಿಗೆ ಏನೂ ಆಗುವುದಿಲ್ಲ ಎನ್ನಲೇ? ಇಷ್ಟು ದಿನ ಊರೆಲ್ಲ ತಿರುಗಿ ನಾನು ಹುಡುಕಿದ್ದೇ ಏನೂ ಆಗದ ಗಾಡಿಯನ್ನು. ಅಂಥದ್ದೊಂದು ಇದೆ ಎಂದು ಕಂಪನಿಯವರೂ ಹೇಳಲಿಲ್ಲ.

ಭಾಲ್ಕಿಗೆ ಫೋನ್ ಹಚ್ಚಿದೆ. ತಮ್ಮನಾದರೂ ಅಕ್ಕನಿಗೆ ಬುದ್ಧಿ ಹೇಳಲಿ ಎಂದು. ಮಾವ ಹೇಳಿದ್ದು ಇದು: “ಅಕ್ಕಂದು ಖರೇ ಅದ ಅಳ್ಯಾ. ಮೊದಲ ಗಾಡಿ ಮನಿಗಿ ಬರಲಿ.”

“ಮತ್ತ ಇಷ್ಟು ದಿನ ನಂಗ ಯಾಕ ಹೇಳಲಿಲ್ಲ ಮಾವ?”

“ಇದರಾಗ ಹೇಳೋದೇನದ? ಎಲ್ಲಾರಿಗೂ ಗೊತ್ತಿದ್ದದ್ದು.”

ಸುನಂದಾಳ ಕಡೆ ತಿರುಗಿದೆ. “ನಿಂಗೂ ಗೊತ್ತಿತ್ತೇನು?”

“ಮೊದಲ ದಿನಾನೇ ಗೊತ್ತಿತ್ತು. ನೀವು ಆವರೇಜ್ ನೋಡ್ಲಾಕತ್ತಿದ್ರಿ.”

ನೋಡಿ, ಡಿಕ್ಕಿಗೆ ಚೀಲ ಹಾಕಿ ನೋಡುವಷ್ಟು ಹುಷಾರಿನ ಮಂದಿ ನಾವು. ತೊಗರಿಗೆ ಟೆಸ್ಟ್ ಡ್ರೈವ್ ಇದೆ. ಅವ್ವನಿಗಿಲ್ಲ. ತೊಗರಿಗೆ ಗಂಡ ಸತ್ತಿರುವುದಿಲ್ಲವಲ್ಲ.

ಬುಕಿಂಗ್ ಮುಂದಕ್ಕೆ ಹೋಯಿತು. ಮೂರನೆಯ ದಿನ ಕಾಲೇಜಿನಿಂದ ಬಂದರೆ ಗೇಟಿನ ಮುಂದೆ ಪರದೆಯ ಕಾರು ನಿಂತಿದೆ! ಪಕ್ಕದಲ್ಲಿ ಅವಿನಾಶ್. ಕರೆಸಿದವಳು ಸುನಂದಾ. ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳುತ್ತಿದ್ದಳು.

“ಅತ್ತಿ, ಇದು ಹೊಸಾ ಗಾಡಿ ಅಲ್ಲರಿ. ಡೆಮೊ ಗಾಡಿ ಅದ. ಊರ ಮಂದಿ ಎಲ್ಲಾ ಕೂತು ಎದ್ದು ಹೋದದ್ದು. ಇದಕ್ಕ ಪೂಜಾನೂ ಇಲ್ಲ, ಮುಹೂರ್ತನೂ ಇಲ್ಲ. ಇದರಾಗ ಯಾರು ಕೂತ್ರೂ ನಡೀತದ.”

ಅವ್ವ ಹೊಸ್ತಿಲ ಒಳಗಿನಿಂದಲೇ ಅವಿನಾಶರನ್ನು ವಿಚಾರಿಸಿದಳು. “ಖರೇನಾ? ಗಾಡಿ ಯಾರ ಹೆಸರ ಮ್ಯಾಲ ಅದಪ್ಪಾ?”

“ಶೋರೂಮಿನ ಹೆಸರ ಮ್ಯಾಲ ಅದರಿ ಅಮ್ಮಾ.”

“ನಾ ಕೂತ್ರ ನಿಮ್ಮ ಶೋರೂಮಿಗಿ ಏನೂ ಆಗಲ್ಲ ಅಲ್ಲಾ?”

ಅವಿನಾಶ್ ಒಂದು ಕ್ಷಣ ನನ್ನ ಮುಖ ನೋಡಿದರು. “ಏನೂ ಆಗಲ್ಲರಿ ಅಮ್ಮಾ. ಬರ್ರಿ, ಕೂಡ್ರಿ.” ಅವರ ಎಲ್ಲ ಮಾತುಗಳಲ್ಲಿ ನನಗೆ ಪೂರ್ತಿ ನಂಬಿಕೆ ಬಂದದ್ದು ಇದೊಂದರ ಮೇಲೆ.

ಅವ್ವ ಬಂದಳು. ಬೆನ್ನು ಮಾಡಿ ಕುಳಿತಳು. ಕುಳಿತವಳು ಕೆಳಗೆ ಇಳಿದೇ ಹೋದಳು! ಆ ತಂಪು ಸೀಟು ಅವಳನ್ನು ನುಂಗಿಬಿಟ್ಟಿತು. ಏಳಲು ಹೋದರೆ ಏಳಲಾಗಲಿಲ್ಲ. ನಾವು ಕೈ ಚಾಚಿದೆವು. “ಬ್ಯಾಡ, ಬಿಡ್ರಿ” ಎಂದು ತಾನೇ ಬಾಗಿಲು ಹಿಡಿದು ಒದ್ದಾಡಿದಳು. ಕೊನೆಗೆ ನಾನೂ ಸುನಂದಾಳೂ ಎತ್ತಲೇಬೇಕಾಯಿತು. ಅವ್ವನ ಮುಖ ಆ ಜೀಪಿನಲ್ಲಿ ಕಂಡ ಮುಖವೇ. ಶೋರೂಮಿನಲ್ಲಿ ನಾನು ಅವ್ವನಾಗಿ ಕುಳಿತದ್ದು, ನೂರಕ್ಕೆ ನೂರು, ಎಲ್ಲ ಮಣ್ಣುಪಾಲು. ಬುಕ್ ಮಾಡಿದ್ದರೆ ಏನು ಗತಿ?

ಸಂಜೆ ಅವಿನಾಶ್ ಆ ಟ್ಯಾಕ್ಸಿ ಗಾಡಿಯ ಡೆಮೊ ತಂದರು. ಸಾದಾದು. ಸೀಟು ಸ್ವಲ್ಪ ಮೇಲೆ, ಸ್ವಲ್ಪ ಬಿರುಸು. ಅವ್ವ ಕುಳಿತಳು. ಕಾಲು ಒಳಗೆ ತಂದಳು. ಮತ್ತೆ ಕಾಲು ಹೊರಗಿಟ್ಟು, ಬಾಗಿಲಿಗೆ ಒಂದು ಕೈ ಊರಿ, ಎದ್ದು ನಿಂತಳು. ತಾನೇ. ಯಾರೂ ಮುಟ್ಟಲಿಲ್ಲ. ನಮ್ಮನ್ನೆಲ್ಲ ಒಮ್ಮೆ ನೋಡಿ ಮತ್ತೆ ಕುಳಿತಳು. ಮತ್ತೆ ಎದ್ದಳು. ನಾವು ಸಾಕು ಎನ್ನುವವರೆಗೂ ಕೂತು ಎದ್ದು ಮಾಡಿದಳು. ಆಮೇಲೆ ನಕ್ಕಳು. ಅವ್ವ ಹೀಗೆ ನಗುವುದನ್ನು ನೋಡಿ ಎಷ್ಟು ದಿನವಾಗಿತ್ತು!

ಊರ ಹೊರಗಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆವು. ಅವ್ವ ಕಿಟಕಿ ಇಳಿಸಿಕೊಂಡು ಕುಳಿತಿದ್ದಳು. ವಾಪಸ್ ತಿರುಗುವಾಗ ಮುಂದಕ್ಕೆ ಬಾಗಿ ಕೇಳಿದಳು. “ಇದರಾಗೇ ಡಾಬಕಾಕ್ಕ ಹೋಗಿ ಬರೋಣೇನೋ? ನಿಮ್ಮ ಹೊಸಾ ಗಾಡಿ ಆಮ್ಯಾಲ ಬರಲಿ.”

ಅವಿನಾಶ್ ಟೆಸ್ಟ್ ಡ್ರೈವಿಗೆ ಅಷ್ಟು ದೂರ ಬಿಡುವುದಿಲ್ಲ ಎಂದು ವಿವರಿಸಿದರು. ಅವ್ವ ಹೌದಪ್ಪಾ, ಹೌದು ಎಂದಳು. ಆದರೆ ಇಳಿಯಲು ಬಹಳ ಹೊತ್ತು ತೆಗೆದುಕೊಂಡಳು.

ಆ ಸಾದಾ ಕಾರನ್ನೇ ಬುಕ್ ಮಾಡಿದ್ದೇನೆ. ಮಾವನಿಗೆ ಒಪ್ಪಿಗೆಯಿಲ್ಲ. ಇಲ್ಲದಿದ್ದರೂ ಬರುತ್ತಾರೆ. ಸುನಂದಾ ಆರತಿ ಎತ್ತುವುದು, ತಾವು ಕಾಯಿ ಒಡೆಯುವುದು, ಅಕ್ಕ ಒಳಗಿರುವುದು ಎಂದು ಫೋನಿನಲ್ಲೇ ನಿಗದಿ ಮಾಡಿದ್ದಾರೆ. ನಾನು ಆರತಿ ಅವ್ವನೇ ಎತ್ತಬೇಕು, ಮೊದಲ ಸವಾರಿ ಅವ್ವನದೇ, ಮುಂದಿನ ಸೀಟಿನಲ್ಲಿ, ನೆಟ್ಟಗೆ ಡಾಬಕಾಕ್ಕೆ ಎಂದಿದ್ದೇನೆ. ಅವ್ವ ಹೂಂ ಎಂದಿಲ್ಲ. ಊಹೂಂ ಎಂದೂ ಇಲ್ಲ. ನಿನ್ನೆ ದೊಡ್ಡವ್ವನ ಫೋನ್ ಬಂದಾಗ “ಗಾಡಿ ಬರ್ಲಿಕತ್ತದ!” ಎಂದು ಕೂಗಿದಳು. ಆ ಕಡೆಯಿಂದ “ಯಾವಾಗ ಬರ್ತಿ?” ಎಂದೇ ಬಂತು.

ನನ್ನ ತಲೆ ಮಾತ್ರ ಈಗ ಮೊದಲಿಗಿಂತ ಕೆಟ್ಟಿದೆ. ಡೆಮೊ ಗಾಡಿಯಲ್ಲಿ ಯಾರು ಕೂತರೂ ನಡೆಯುತ್ತದೆ ಎಂದು ಸುನಂದಾ ಹೇಳಿದಾಗ, ಮೂಢನಂಬಿಕೆ ಎಂದು ಭಾಷಣ ಮಾಡಿದ ನಾನೂ ಪಕ್ಕದಲ್ಲಿ ನಿಂತು ಹೌದು ಹೌದು ಎಂದು ತಲೆ ಆಡಿಸಿದ್ದೇನೆ. ಅಂದರೆ ಹೊಸದಾದರೆ ನಡೆಯುವುದಿಲ್ಲ ಎಂದು ನಾನೂ ಒಪ್ಪಿದ ಹಾಗಾಯಿತೇ? ಸುನಂದಾಳನ್ನು ಕೇಳಿದೆ. “ಅತ್ತಿ ಕೂತ್ರಲ್ಲಾ, ಅಷ್ಟ ಸಾಕು” ಎಂದಳು. ಅವಳ ಮಾತೂ ಸರಿಯೇ. ಸರಿಯೇ?

ಗಾಡಿಗೆ ಕಂಪನಿಯವರು ವಾರಂಟಿ ಕೊಡುತ್ತಾರೆ. ಅವ್ವ ಕೇಳುತ್ತಿರುವ ವಾರಂಟಿ ಬೇರೆ, ಅದನ್ನು ಕೊಡಬೇಕಾದವರು ನಾವು. ನಾನು ಕೊಟ್ಟಿದ್ದೇನೆ, ಬಾಯಿಮಾತಿನಲ್ಲಿ. ಆದರೂ ಒಂದು ಪ್ರಶ್ನೆ ಬಿಡುತ್ತಿಲ್ಲ: ಔರಾದ ರಸ್ತೆಯಲ್ಲಿ ಮೊದಲ ಪಂಕ್ಚರ್ ಆದ ದಿನ ನಾವೆಲ್ಲ ಮೊದಲು ಟೈರು ನೋಡುತ್ತೇವೋ, ಅವ್ವನ ಮುಖ ನೋಡುತ್ತೇವೋ?